ಸಹಿ ಬರುವವರೆಗೆ

ಕುರ್ಲಾ, ಮುಂಬಯಿ
ಸೋಮವಾರ, ೨೬ ಜುಲೈ ೧೯೯೩

ತಂಗಿ ಸುಂದ್ರವ್ವಳಿಗೆ, ಅಕ್ಕ ರಾಚವ್ವ ಮನಸಾರೆ ಮಾಡುವ ಆಶೀರ್ವಾದಗಳು.

ಇಂದು ಶ್ರಾವಣದ ಮೊದಲ ಸೋಮವಾರ, ಉಪವಾಸ. ಐದಕ್ಕೆ ನಳ ಬಂತು. ನಾಲ್ಕು ಕೊಡ ನೀರು ಹಿಡಿದು, ಖೋಲಿ ಒರೆಸಿ, ಬಟ್ಟೆ ಹಿಂಡಿ ಒಳಗೇ ಹಗ್ಗಕ್ಕೆ ಹಾಕಿದೆ. ಹೊರಗೆ ಒಣಗಿಸಲು ಮಳೆ ಬಿಡುತ್ತಿಲ್ಲ. ಲಿಂಗಪೂಜೆಗೆ ಪತ್ರಿ ಸಿಗಲಿಲ್ಲ. ಸ್ಟೇಷನ್ನಿನ ಹೂವಾಡಗಿತ್ತಿ ತುಳಸಿ ಕೊಟ್ಟು, "ಘೇ ಗ ಮಾವಶಿ, ದೇವ ಕಾಯ್ ರಾಗಾವತ್ ನಾಹೀ" ಅಂದಳು. ತೆಗೆದುಕೋ ಚಿಕ್ಕವ್ವ, ದೇವರೇನು ಸಿಟ್ಟಾಗುವುದಿಲ್ಲ ಎಂದು. ನಮ್ಮ ದೇವರು ಯಾವುದಕ್ಕೆ ಸಿಟ್ಟಾಗುತ್ತಾನೆಂದು ಆಕೆಗೇನು ಗೊತ್ತು. ಹಣೆಗೆ ವಿಭೂತಿ ಹಚ್ಚಿಕೊಂಡು, ನಿನಗೆ ಬರೆದೇ ಕೆಲಸಕ್ಕೆ ಹೋಗುವುದೆಂದು ಕೂತಿದ್ದೇನೆ.

ನಿನ್ನ ಎರಡೂ ಪತ್ರ ಮುಟ್ಟಿದವು. ಉತ್ತರ ತಡವಾಯಿತು, ತಪ್ಪು ನನ್ನದೇ. ಕೆಲಸ ಬಹಳ ಇತ್ತು ಎಂದು ಬರೆದರೆ ಸುಳ್ಳಾಗುತ್ತದೆ. ದವಾಖಾನೆಯಲ್ಲಿ ಈಗ ಕೆಲಸವೇ ಇಲ್ಲ. ಪಂಚಮಿಗೆ ಉಂಡಿ ಕಟ್ಟುವುದಿಲ್ಲ ಎಂದು ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ಕೈಗೆ ಪೆನ್ನು ಹಿಡಿಯಲು ಆಗಲಿಲ್ಲ. ಈ ಪಂಚಮಿಗೆ ನೀಲಾವತಿ ತವರಲ್ಲಿ, ನಿನ್ನ ಮನೆಯಲ್ಲಿ, ಎರಡು ತಿಂಗಳ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿರಬೇಕಿತ್ತು.

ನೀನು ಕೇಳಿದ್ದು ಒಂದೇ ಮಾತು. "ಅಕ್ಕಾ, ಡಾಕ್ಟರ ಮ್ಯಾಲ ಕೇಸ್ ಹಾಕಾಕ ಅಳಿಯ ಅಣವೀರಪ್ಪ ನನ್ನ ಸಹಿ ಕೇಳ್ಯಾನ. ನೀ ಹದಿನೆಂಟು ವರ್ಷ ಆ ದವಾಖಾನ್ಯಾಗ ದುಡದಾಕಿ. ಅವತ್ತೂ ಅಲ್ಲೇ ಇದ್ದಾಕಿ. ಮಾಡ್ಲೋ, ಬ್ಯಾಡೋ?" ಈ ಪ್ರಶ್ನೆಗೆ ಒಂದು ಶಬ್ದದಲ್ಲಿ ಉತ್ತರ ಬರೆಯಲು ನನಗೆ ಬರುವುದಿಲ್ಲ. ಮೊದಲಿಂದ ಹೇಳುತ್ತೇನೆ.

ಅಂಗಡಿಯವನು ಕೆಟ್ಟ ಸಾಮಾನು ಕೊಟ್ಟರೆ ಹೋಗಿ ಕೇಳಲು ಸರ್ಕಾರ ಗ್ರಾಹಕರ ಕೋರ್ಟು ಎಂದು ತೆರೆದಿದೆ. ಒಂದೆರಡು ವರ್ಷದಿಂದ ಡಾಕ್ಟರರನ್ನೂ ಅಲ್ಲಿಗೆ ಕರೆಯುತ್ತಾರೆ. ಅವರನ್ನು ಅಂಗಡಿಯವರ ಸಾಲಿಗೆ ನಿಲ್ಲಿಸುವುದು ಸರಿಯೋ ತಪ್ಪೋ ಎಂದು ಇನ್ನೂ ದೊಡ್ಡ ದೊಡ್ಡ ಕೋರ್ಟುಗಳಲ್ಲಿ ವಾದ ನಡೆದಿದೆಯಂತೆ. ನಮ್ಮ ಮುಲುಂಡಿನ ದವಾಖಾನೆಗೆ ಮೊದಲ ನೋಟೀಸು ಬಂದದ್ದು ಶಾಮಲಾ ಎಂಬುವಳಿಂದ. ಮೈಸೂರಿನ ಕಡೆಯವಳು, ಗಂಡ ಬ್ಯಾಂಕಿನಲ್ಲಿ. ನಮ್ಮ ಡಾಕ್ಟರ್ ತಿರುಮಲೇಶರೂ ಅದೇ ಕಡೆಯವರೆಂದು ನಂಬಿ ಬಂದಿದ್ದಳು. ಆಪರೇಷನ್ ಮಾಡಿದಾಗ ರಕ್ತ ಒರೆಸುವ ಬಟ್ಟೆಯ ತುಂಡೊಂದು ಹೊಟ್ಟೆಯಲ್ಲೇ ಉಳಿಯಿತು. ಆರು ತಿಂಗಳು ಆಕೆ ಹೊಟ್ಟೆ ಹಿಡಿದುಕೊಂಡು ಬರುವಳು, "ಏನೂ ಇಲ್ಲಮ್ಮ, ಮನಸ್ಸಿಗೆ ಹಚ್ಕೊಂಡಿದೀರಿ" ಎಂದು ಡಾಕ್ಟರು ಕಳಿಸುವರು. ಕೊನೆಗೆ ಬೇರೆ ಕಡೆ ಹೊಟ್ಟೆ ಕೊಯ್ದು ತೆಗೆದರು. ಕೋರ್ಟಿನ ವರಾಂಡದಲ್ಲಿ ಸಿಕ್ಕಾಗ ನನ್ನ ಕೈ ಹಿಡಿದು, "ನಿಮ್ಮ ಮೇಲೆ ಕೋಪ ಇಲ್ಲ ಮಾವಶಿ. ನನಗೇ ಹುಚ್ಚು ಅನ್ನೋ ಹಾಗೆ ಮಾತಾಡಿದ್ರಲ್ಲ, ಅದನ್ನ ಎಲ್ಲಾದ್ರೂ ಒಂದು ಕಡೆ ಹೇಳ್ಕೋಬೇಕಿತ್ತು" ಅಂದಳು. ಆಕೆಯ ಮಾತಿನಲ್ಲಿ ನನಗೆ ತಪ್ಪು ಕಾಣಲಿಲ್ಲ. ನಮ್ಮಂಥವರು ದವಾಖಾನೆಯಲ್ಲಿ ಸತ್ತರೆ ಹಣೆಬರಹ ಎಂದು ಹೊತ್ತುಕೊಂಡು ಬರುತ್ತಿದ್ದೆವು. ಕೇಳಲು ಒಂದು ಬಾಗಿಲಾದರೂ ಆಯಿತಲ್ಲ.

ಆದರೆ ಆ ಬಾಗಿಲೊಳಗೆ ನನ್ನನ್ನೂ ಕರೆದರು. ಶಾಮಲಾಳ ಆಪರೇಷನ್ ದಿನ ಅವಳ ಗಂಡ ಬರಲು ತಡವಾಗಿ, ಸಂಬಂಧಿ ಎಂಬ ಜಾಗದಲ್ಲಿ ಡಾಕ್ಟರು ನನ್ನಿಂದ ಸಹಿ ಹಾಕಿಸಿದ್ದರು. ಹಿಂದೆ ಎಷ್ಟೋ ಸಲ ಹಾಗೆ ಮಾಡಿದ್ದೆ. ವಕೀಲ ಕಾಗದ ಎತ್ತಿ ತೋರಿಸಿ, ಈ ಹೆಂಗಸು ನಿನಗೇನಾಗಬೇಕು ಎಂದ. ಏನೂ ಇಲ್ಲ ಅಂದೆ. ಹಾಗಾದರೆ ಅವಳ ಹೊಟ್ಟೆ ಕೊಯ್ಯಲು ಒಪ್ಪಿಗೆ ಕೊಡಲು ನೀನು ಯಾರು ಎಂದ. ಕೂತವರೆಲ್ಲ ನಕ್ಕರು. ನಾನು ಅಂದಿನವರೆಗೆ ಅಷ್ಟು ಜನರ ಮುಂದೆ ತಲೆಯ ಮೇಲೆ ಸೆರಗಿಲ್ಲದೆ ನಿಂತವಳಲ್ಲ. ಆ ಹೊತ್ತು ಸೆರಗು ಇದ್ದರೂ ಇಲ್ಲದಂತಾಯಿತು.

ಡಾಕ್ಟರು ಅಂದಿನಿಂದ ಬೇರೆ ಮನುಷ್ಯರಾದರು. ಮೊದಲು ಹೆರಿಗೆ ಬ್ಯಾನಿ ತಿನ್ನುವ ಹೆಂಗಸು ಬಂದರೆ ಬನಿಯನ್ನಿನಲ್ಲೇ ಮೆಟ್ಟಿಲಿಳಿದು ಓಡಿ ಬರುವವರು. "ಸಹಿ ಆಮೇಲೆ ಬರುತ್ತೆ ರಾಚವ್ವ, ಮಗು ಕಾಯೋಲ್ಲ" ಅನ್ನುವವರು. ಆಮೇಲೆ ಎರಡು ಪುಟದ ಒಪ್ಪಿಗೆ ಕಾಗದ ಅಚ್ಚು ಹಾಕಿಸಿದರು, ಇಂಗ್ಲಿಷಿನಲ್ಲಿ ಒಂದು ಕಡೆ, ಮರಾಠಿಯಲ್ಲಿ ಒಂದು ಕಡೆ. "ಇದು ತುಂಬದೆ ಯಾರನ್ನೂ ಒಳಗೆ ಬಿಡಬೇಡಿ" ಎಂದು ಕಟ್ಟನ್ನು ನನ್ನ ಕೈಗೇ ಕೊಟ್ಟರು. ಏಪ್ರಿಲ್ಲಿನಲ್ಲಿ, ಬಸವ ಜಯಂತಿಯ ನಾಲ್ಕನೆಯ ದಿನ, ನಮ್ಮ ನೀಲಾವತಿ ಎಂಟು ತಿಂಗಳ ಹೊಟ್ಟೆ ಹೊತ್ತು ಬಂದಾಗ ಏನಾಯಿತೆಂದು ಅಣವೀರಪ್ಪ ನಿನಗೆ ಹೇಳಿದ್ದಾನೆ. ಗಂಡನ ಸಹಿ ಬರುವವರೆಗೆ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಳು. ಸಹಿ ಬರುವ ಹೊತ್ತಿಗೆ ತಡವಾಗಿತ್ತು.

ಈಗ ಒಂದು ಮಾತು ಬರೆಯುತ್ತೇನೆ, ಹೆದರಬೇಡ. ಕಳೆದ ಬುಧವಾರ ನಡುಮಧ್ಯಾಹ್ನ ಗುಜರಾತಿ ಮುದುಕಿಯೊಬ್ಬಳು ಕೆಮ್ಮಿಗೆ ಔಷಧಿ ಕೇಳಿಕೊಂಡು ಬಂದಳು. ಮತ್ತೆ ಯಾರೂ ಇರಲಿಲ್ಲ. ಒಳಗೆ ಹೋಗಿರಿ ಎಂದೆ. ಆಕೆ ಹೋಗಲಿಲ್ಲ. ಬೆಂಚಿನ ಕಡೆ ಕೈ ಮಾಡಿ, "ಪಹಲೇ ಉಸ್ ಲಡ್ಕೀ ಕೋ ಲೇ ಲೋ. ಕಬ್ ಸೇ ಬೈಠೀ ಹೈ ಬೇಚಾರಿ" ಅಂದಳು. ಮೊದಲು ಆ ಹುಡುಗಿಯನ್ನು ಕರೆದುಕೋ, ಎಷ್ಟು ಹೊತ್ತಿನಿಂದ ಕೂತಿದ್ದಾಳೆ ಪಾಪ, ಎಂದು.

ನಾನು ತಿರುಗಿ ನೋಡಿದೆ. ಬೆಂಚು ಬರಿದಾಗಿತ್ತು. ಮುದುಕಿಗೆ ಕಣ್ಣಿನ ಪೊರೆ ಇರಬೇಕು ಎಂದುಕೊಂಡೆ.

ಸದ್ಯಕ್ಕೆ ಸಹಿ ಮಾಡಬೇಡ, ತಡೆ. ಎರಡು ವಾರದಲ್ಲಿ ಮತ್ತೆ ಬರೆಯುತ್ತೇನೆ.

ನಿನ್ನ ಅಕ್ಕ,
ರಾಚವ್ವ


ಕುರ್ಲಾ
ಸೋಮವಾರ, ೯ ಆಗಸ್ಟ್ ೧೯೯೩

ತಂಗಿ ಸುಂದ್ರವ್ವಳಿಗೆ ಅಕ್ಕನ ಆಶೀರ್ವಾದಗಳು.

ಮೂರನೆಯ ಸೋಮವಾರವೂ ಬಂತು. ನಾನು ಮೈಯಲ್ಲಿ ನೆಟ್ಟಗಿದ್ದೇನೆ. ನಿನ್ನ ಮೊಣಕಾಲು ಹೇಗಿದೆ? ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಿಸಿಕೋ, ಬರಿಯ ಮುಲಾಮು ನಂಬಬೇಡ.

ಅಣವೀರಪ್ಪ ಶನಿವಾರ ಜೋಗೇಶ್ವರಿಯ ಕಾರ್ಖಾನೆಯಿಂದ ನೆಟ್ಟಗೆ ನನ್ನ ಖೋಲಿಗೆ ಬಂದಿದ್ದ. ಬಟ್ಟೆಗೆಲ್ಲ ಪ್ಲಾಸ್ಟಿಕ್ ಸುಟ್ಟ ವಾಸನೆ. ಗಡ್ಡ ಬಿಟ್ಟಿದ್ದಾನೆ. ಚಹಾ ಕೊಟ್ಟೆ, ಮುಟ್ಟಲಿಲ್ಲ.

"ಅತ್ತಿ, ನೀವs ತಡೀರಿ ಅಂತ ಬರದೀರಂತ ಊರಿಗೆ. ಯಾಕ್ರಿ? ಆ ಡಾಕ್ಟರ ಉಪ್ಪು ತಿಂದೀರಂತನ?"

"ಉಪ್ಪಿನ ಮಾತಲ್ಲಪ್ಪ."

"ಮತ್ತ? ನನ್ನ ಹೆಂಡ್ತಿ ನಿಮ್ಮ ಕಣ್ಣ ಮುಂದ ಹೋಗ್ಯಾಳ. ನಾ ಬರೂದ್ರಾಗ ಎಲ್ಲಾ ಮುಗದಿತ್ತು. ನಾ ನೋಡಿಲ್ಲ, ನೀವು ನೋಡೀರಿ. ನೀವು ಬಾಯಿ ಬಿಡಲಿಲ್ಲಂದ್ರ ಕಲ್ಲ ಮಾತಾಡತಾವೇನು?"

ಅವನು ಕಿಸೆಯಿಂದ ಮಡಚಿದ ಕಾಗದ ತೆಗೆದ. ವಕೀಲರ ನೋಟೀಸಿಗೆ ಡಾಕ್ಟರು ಕೊಟ್ಟ ಉತ್ತರವಂತೆ. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡ ಮಾಡಿ ಓದಿದ. ರೋಗಿ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಬಂದದ್ದು ನಿಜ. ಸಹಿ ಇಲ್ಲದ ಕಾರಣ ಕಾಯಲು ನಾನೇ ಹೇಳಿದೆ. ನನ್ನ ಕೈಕೆಳಗಿನವರು ಯಾರೂ ಇದಕ್ಕೆ ಹೊಣೆಯಲ್ಲ. ಇಷ್ಟೇ.

"ನೋಡ್ರಿ, ತಾನs ಒಪ್ಪಿಕೊಂಡಾನ" ಎಂದ ಅಣವೀರಪ್ಪ. "ಇಂಥಾದ್ದು ಯಾವ ಡಾಕ್ಟರೂ ಬರದ ಕೊಡೂದಿಲ್ಲ ಅಂತ ನಮ್ಮ ವಕೀಲರs ಗಾಬರಿ ಆಗ್ಯಾರ. ಇನ್ನ ನೀಲಾವತಿ ಅವ್ವನ ಸಹಿ ಒಂದು, ನಿಮ್ಮ ಹೇಳಿಕಿ ಒಂದು. ಅವನ ಬೋರ್ಡ ಇಳಿಸಿ ಬಿಡ್ತೀನಿ."

ಅವನ ಕಣ್ಣಲ್ಲಿ ನೀರಿತ್ತು ಸುಂದ್ರವ್ವ. ಗೆದ್ದವನ ಮುಖ ಹಾಗಿರುವುದಿಲ್ಲ.

ಸಾಬೀತಿಗೆ ದೂಜನೂ ಇದ್ದಾನೆ. ನಮ್ಮ ಚಾಳಿನ ರಿಕ್ಷಾದವನು, ತುಳುನಾಡಿನವನು. ಅಂದು ನೀಲಾವತಿಯನ್ನು ಮುಲುಂಡಿಗೆ ತಂದವನು ಅವನೇ, ಅವಳನ್ನು ಬೆಂಚಿನ ಮೇಲೆ ಕೂಡಿಸಿ ಅಣವೀರಪ್ಪನನ್ನು ಕರೆತರಲು ಜೋಗೇಶ್ವರಿಗೆ ಓಡಿದವನೂ ಅವನೇ. ಅವನು ಹೇಳಿದ್ದು ಕೇಳು: "ದಾರಿಯಲ್ಲಿ ಎಷ್ಟು ಆಸ್ಪತ್ರೆ ಬಂತು ಅಕ್ಕ, ಇಲ್ಲಿ ನಿಲ್ಲಿಸ್ತೇನೆ ಅಂತ ಹೇಳಿದೆ. ನಿಮ್ಮ ಹುಡುಗಿ ಕೇಳ್ಬೇಕಲ್ಲ. ದೊಡ್ಡವ್ವನ ಹತ್ರವೇ ಹೋಗು ಅಂತ ಒಂದೇ ಹಠ." ಆ ಮಾತು ಹೇಳಿ ಅವನು ಹೋದ. ನಾನು ಒಲೆಯ ಮೇಲಿನ ಹಾಲು ಉಕ್ಕುವುದನ್ನು ನೋಡುತ್ತ ಕೂತಿದ್ದೆ, ಇಳಿಸಲಿಲ್ಲ.

ದವಾಖಾನೆಯಲ್ಲಿ ಇನ್ನೊಂದು ನಡೆಯುತ್ತಿದೆ. ಗುಜರಾತಿ ಮುದುಕಿಯ ಮಾತು ಬರೆದಿದ್ದೆನಲ್ಲ, ಅವಳಿಗೆ ಕಣ್ಣು ನೆಟ್ಟಗಿದೆಯಂತೆ, ಸೂಜಿಗೆ ದಾರ ಪೋಣಿಸುತ್ತಾಳಂತೆ. ಮತ್ತೆ ಈಗ ಇತರರೂ. ಯಾರೂ ಹೆದರಿ ಹೇಳುವುದಿಲ್ಲ, ಅದೇ ನನಗೆ ದಿಗಿಲು. ಸಾದಾ ಮಾತಿನಂತೆ ಹೇಳುತ್ತಾರೆ. ತರಕಾರಿಯವನ ಹೆಂಡತಿ ಬಂದವಳು ಬೆಂಚಿನ ಮೇಲೆ ಕೂಡುವಾಗ ಸೀರೆ ಎಳೆದುಕೊಂಡು, ಮಗ್ಗುಲಿನವಳಿಗೆ ತಾಗಬಾರದೆಂಬಂತೆ ಸರಿದು ಕೂತಳು. ಮಗ್ಗುಲಲ್ಲಿ ಯಾರಿದ್ದರು? ಐದು ಜನ ಕೂಡುವ ಬೆಂಚು. ಐದು ಜನ ಬಂದ ದಿನ ನಾಲ್ವರು ಕೂತು ಒಬ್ಬರು ನಿಂತಿರುತ್ತಾರೆ. ಗೋಡೆಯ ಕಡೆಯ ಆ ಒಂದು ಜಾಗ ಹಾಗೇ ಬಿಟ್ಟಿರುತ್ತಾರೆ. ಅಲ್ಲಿ ಕೂಡಿರಿ ಎಂದರೆ, ಇರಲಿ ಇರಲಿ ಎನ್ನುತ್ತಾರೆ.

ನೀರಿನ ಮಡಕೆಯ ಮೇಲೆ ಒಂದು ಸ್ಟೀಲಿನ ಲೋಟ ಬೋರಲು ಹಾಕಿಡುವುದು ನನ್ನ ರೂಢಿ. ಹನ್ನೆರಡೂವರೆಗೆ ನೆಲ ಒರೆಸಿ ಬರುವ ಹೊತ್ತಿಗೆ ಅದು ಬೆಂಚಿನ ಮೇಲಿರುತ್ತದೆ. ಅರ್ಧ ನೀರು ಉಳಿದಿರುತ್ತದೆ. ಮೊದಲ ದಿನ ಚೆಲ್ಲಿದೆ. ಈಗ ಚೆಲ್ಲುವುದಿಲ್ಲ, ಹೊರಗಿನ ಗಿಡಕ್ಕೆ ಹಾಕುತ್ತೇನೆ.

ಚಾಳಿನ ಹೆಂಗಸರು ಸಾಸಿವೆ ಗಂಟು ಕಟ್ಟಿಕೊಟ್ಟರು. ಬಸುರಿ ತೀರಿಹೋದ ಜಾಗದ ಹೊಸ್ತಿಲ ಮೇಲೆ ಚೆಲ್ಲಬೇಕಂತೆ. ಅವಳು ಒಂದೊಂದೇ ಕಾಳು ಆರಿಸುತ್ತ ಹೊರಗೇ ಉಳಿಯುತ್ತಾಳಂತೆ, ಒಳಗೆ ಬರುವುದಿಲ್ಲವಂತೆ. ಗಂಟು ಹಿಡಿದು ದವಾಖಾನೆಯ ಮೆಟ್ಟಿಲ ತನಕ ಹೋದೆ. ಬಿಚ್ಚಲು ಕೈ ಏಳಲಿಲ್ಲ. ಅವಳನ್ನು ಇನ್ನೂ ಎಷ್ಟು ಹೊತ್ತು ಹೊರಗೆ ಇಡುವುದು? ತಂದು ಡಬ್ಬಿಯಲ್ಲಿ ಸುರಿದೆ. ನಿನ್ನೆ ಸಾರಿನ ಒಗ್ಗರಣೆಗೆ ಅದನ್ನೇ ಹಾಕಿದೆ, ಉಣ್ಣಲಾಗಲಿಲ್ಲ.

ಡಾಕ್ಟರು ಈಗ ಹೆರಿಗೆ ಮಾಡಿಸುವುದಿಲ್ಲ. ಕೆಮ್ಮು, ನೆಗಡಿ, ಅಷ್ಟೇ. ಹೊಟ್ಟೆ ಹೊತ್ತು ಬಂದವರನ್ನು ದೊಡ್ಡ ಆಸ್ಪತ್ರೆಗೆ ಹೋಗಿರಿ ಎಂದು ಚೀಟಿ ಬರೆದು ಕಳಿಸುತ್ತಾರೆ. ಹೆರಿಗೆ ಕೋಣೆಗೆ ಬೀಗ. ಕಳೆದ ವಾರ ಭಾಂಡುಪಿನ ಒಬ್ಬ ಬಡವಿ ಮೆಟ್ಟಿಲ ಮೇಲೆ ಕೂತು ಅತ್ತು ಹೋದಳು, ದೊಡ್ಡ ಆಸ್ಪತ್ರೆಯಲ್ಲಿ ಮೂರು ದಿನ ನೆಲದ ಮೇಲೆ ಮಲಗಿಸಿದ್ದರಂತೆ. ಡಾಕ್ಟರು ಕಿಟಕಿಯಿಂದ ನೋಡುತ್ತಿದ್ದರು. ಪ್ರತಿದಿನ ಮಧ್ಯಾಹ್ನ ನನ್ನನ್ನು ಕರೆದು ಒಂದೇ ಮಾತು ಕೇಳುತ್ತಾರೆ: "ರಾಚವ್ವ, ಹೊರಗೆ ಯಾರಾದ್ರೂ ಕೂತಿದಾರಾ?"

ಇಲ್ಲರಿ ಎನ್ನುತ್ತೇನೆ. ಅವರು ಗಡಿಯಾರ ನೋಡಿ ಪೆನ್ನಿನ ಮುಚ್ಚಳ ಹಾಕುತ್ತಾರೆ.

ಅವರ ಹೆಂಡತಿ ಕೌಸಲ್ಯಮ್ಮನವರು ಶುಕ್ರವಾರ ಕೆಳಗೆ ಬಂದಿದ್ದರು. ಬಹಳ ಇಳಿದು ಹೋಗಿದ್ದಾರೆ. "ಆ ಉತ್ತರ ಬರೆದಾಗ ನಮ್ಮ ಲಾಯರ್ ತಲೆ ಚಚ್ಚಿಕೊಂಡ್ರು ರಾಚವ್ವ. ಇವರು ಒಂದಕ್ಷರ ತಿದ್ದೋಕೆ ಬಿಡಲಿಲ್ಲ" ಅಂದರು. ಆಮೇಲೆ, "ನಿಮಗೇನಾದ್ರೂ ಹೇಳ್ಬೇಕು ಅನ್ನಿಸಿದ್ರೆ ನನ್ನ ಹತ್ರ ಹೇಳಿ" ಅಂದರು. ಕುದಿಯಲು ನೀರು ಇಟ್ಟಿದ್ದೇನೆ ಎಂದು ನಾನು ಒಳಗೆ ಹೋದೆ. ಒಲೆ ಹಚ್ಚಿರಲೇ ಇಲ್ಲ.

ಇನ್ನೊಂದು ವಾರ ತಡೆ. ಸಹಿ ಮಾಡಬೇಡ. ನಿನ್ನ ಕಾಲು ಹಿಡಿಯುತ್ತೇನೆ ಎಂದುಕೋ.

ರಾಚವ್ವ


ಕುರ್ಲಾ
ಸೋಮವಾರ, ೧೬ ಆಗಸ್ಟ್ ೧೯೯೩

ತಂಗಿ ಸುಂದ್ರವ್ವ,

ಶ್ರಾವಣದ ಕೊನೆಯ ಸೋಮವಾರ. ನಿನ್ನಿಂದ ಪತ್ರವಿಲ್ಲ. ಸಿಟ್ಟಾಗಿದ್ದೀಯೆಂದು ಗೊತ್ತು. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೇ ಇರುತ್ತಿದ್ದೆ.

ಶುಕ್ರವಾರ ನಡೆದದ್ದನ್ನು ಕಂಡ ಹಾಗೆ ಬರೆಯುತ್ತೇನೆ. ನಿನಗಲ್ಲದೆ ಯಾರಿಗೂ ಹೇಳಿಲ್ಲ.

ಮಳೆ ಹಿಡಿದಿತ್ತು, ಬೆಳಿಗ್ಗೆಯಿಂದ ಒಬ್ಬರೂ ಬಂದಿರಲಿಲ್ಲ. ಹನ್ನೆರಡಾದ ಮೇಲೆ ನಾನು ನೆಲ ಒರೆಸಲಿಲ್ಲ. ಹೋಗಿ ಆ ಬೆಂಚಿನ ಮೇಲೆ ಕೂತೆ, ಗೋಡೆಯ ಕಡೆಯ ಜಾಗವನ್ನು ಬಿಟ್ಟು, ಅದರ ಮಗ್ಗುಲಲ್ಲಿ. ಪಂಚಾಕ್ಷರಿ ಹೇಳಿಕೊಂಡೆ. ಏನೂ ಕಾಣಲಿಲ್ಲ. ಏನೂ ಕೇಳಲಿಲ್ಲ. ಸುಮ್ಮನೆ ಕೈ ಚಾಚಿ ಗೋಡೆಯ ಕಡೆಯ ಹಲಗೆ ಮುಟ್ಟಿದೆ. ಮಳೆಗಾಲದಲ್ಲಿ ದವಾಖಾನೆಯ ಮರವೆಲ್ಲ ತಣ್ಣಗೆ, ಜಿಬುಜಿಬು ಇರುತ್ತದೆ. ಅದು ಬೆಚ್ಚಗಿತ್ತು. ಯಾರೋ ಬಹಳ ಹೊತ್ತು ಕೂತ ಜಾಗದಂತೆ.

ಕೈ ತೆಗೆಯಲಿಲ್ಲ. ಆಗ ಛತ್ರಿ ಮಡಚಿಕೊಂಡು ಒಬ್ಬ ಮರಾಠಿ ಹೆಂಗಸು ಒಳಗೆ ಬಂದಳು. ಹೊಸಬಳು, ನನ್ನನ್ನೂ ಅರಿಯಳು. ನನ್ನನ್ನು ನೋಡಿದಳು, ನನ್ನ ಮಗ್ಗುಲನ್ನು ನೋಡಿದಳು, ನೀರು ಜಾಡಿಸುತ್ತ ಕೇಳಿದಳು: "ತುಮ್ಹಾ ದೋಘೀಂಚ್ಯಾ ನಂತರ ಮಾಝಾ ನಂಬರ ನಾ?"

ನಿಮ್ಮಿಬ್ಬರ ನಂತರ ನನ್ನ ನಂಬರು ತಾನೇ, ಎಂದು.

ಹೌದು ಅಂದೆ. ಮತ್ತೇನು ಹೇಳಲಿ. ಆಕೆ ಎದುರಿನ ಸ್ಟೂಲಿನ ಮೇಲೆ ಕೂತಳು. ಒಳಗಿಂದ ಡಾಕ್ಟರು ಕರೆದರು. "ರಾಚವ್ವ, ಹೊರಗೆ ಯಾರಾದ್ರೂ ಕೂತಿದಾರಾ?"

ಮೂರು ತಿಂಗಳು ದಿನವೂ ಇಲ್ಲರಿ ಎಂದ ಬಾಯಿ. ಅಂದು ಆ ಮಾತು ಹೊರಡಲಿಲ್ಲ.

"ಕುಂತಾಳ್ರಿ" ಅಂದೆ.

ಅವರು ಯಾರೆಂದು ಕೇಳಲಿಲ್ಲ. ಎದ್ದು ಡ್ರಾವರಿನಿಂದ ಕೀಲಿಕೈ ತೆಗೆದರು. ಹೆರಿಗೆ ಕೋಣೆಯ ಬೀಗ ತುಕ್ಕು ಹಿಡಿದಿತ್ತು, ಎರಡು ಸಲ ಎಳೆದರು, ಬಿಚ್ಚಿತು. ದೀಪ ಹಾಕಿದರು. ತೋಳು ಮಡಚಿ, ಮೊಣಕೈ ತನಕ ಸಾಬೂನು ಹಚ್ಚಿ, ಹಿಂದೆ ತೊಳೆಯುತ್ತಿದ್ದ ಹಾಗೇ, ಉಗುರಿನ ಸಂದಿಗೆಲ್ಲ ಬ್ರಷ್ ಹಾಕಿ ತೊಳೆದರು. ಕೈಗವಸು ಹಾಕಿಕೊಂಡು, ಎರಡೂ ಕೈ ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಬರಿದಾದ ಟೇಬಲ್ಲಿನ ಹತ್ತಿರ ನಿಂತು ಬಾಗಿಲ ಕಡೆ ನೋಡಿದರು.

"ಸಹಿ ಏನೂ ಬೇಡ. ಕರ್ಕೊಂಡು ಬನ್ನಿ" ಅಂದರು.

ನಾನು ಹೋಗಿ ಬಾಗಿಲ ಪರದೆ ಸರಿಸಿ ಹಿಡಿದೆ ಸುಂದ್ರವ್ವ. ಒಬ್ಬಳು ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ದಾಟಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಹಿಡಿದೆ. ಸ್ಟೂಲಿನ ಮೇಲಿನ ಹೆಂಗಸು ಕಾಲು ಮಡಚಿ ದಾರಿ ಬಿಟ್ಟಳು. ಪರದೆ ಬಿಟ್ಟೆ.

ಕಾಲು ಗಂಟೆಯ ಮೇಲೆ ಡಾಕ್ಟರು ಹೊರಗೆ ಬಂದರು. ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿದರು. ಮುಖದಲ್ಲಿ ಬೆವರು. ಆ ಹೆಂಗಸಿನ ಕಡೆ ತಿರುಗಿ, "ಬನ್ನಿ, ಏನಾಗ್ತಿದೆ ನಿಮಗೆ?" ಎಂದು ಹಿಂದಿಯಲ್ಲಿ ಕೇಳಿ ಔಷಧಿ ಬರೆದುಕೊಟ್ಟರು. ಸಂಜೆ ಮೇಲೆ ಹೋಗುವಾಗ ಮಾತ್ರ ನನ್ನ ಹತ್ತಿರ ನಿಂತರು. "ಈ ಹದಿನೆಂಟು ವರ್ಷದಲ್ಲಿ ನಾನು ಹೇಳಿಕೊಟ್ಟಿದ್ದನ್ನೆಲ್ಲ ನೀವು ಸರಿಯಾಗಿ ಮಾಡಿದೀರಿ ರಾಚವ್ವ. ಕೊನೇಲಿ ಹೇಳಿಕೊಟ್ಟಿದ್ದೇ ತಪ್ಪಾಗಿತ್ತು" ಅಂದು ಮೆಟ್ಟಿಲು ಹತ್ತಿದರು.

ಅಂದಿನಿಂದ ಲೋಟ ಬೋರಲೇ ಇದೆ. ಬೆಂಚಿನ ಮೇಲೆ ಐದು ಜನ ಕೂಡುತ್ತಾರೆ. ಇದರಿಂದ ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅವಳು ಅಲ್ಲಿಂದ ಎದ್ದಳು, ನಾನು ಏಳಲಿಲ್ಲ.

ಶಿವನು ನಿನ್ನನ್ನೂ ನಿನ್ನ ಮನೆಯವರನ್ನೂ ಕೈಬಿಡದಿರಲಿ. ಅಣವೀರಪ್ಪನಿಗೆ ಒಳ್ಳೆಯ ಬುದ್ಧಿಯನ್ನೂ ನಿದ್ದೆಯನ್ನೂ ಕೊಡಲಿ. ನಿನ್ನ ಹೊಟ್ಟೆಯ ಉರಿ ನನಗೆ ಹತ್ತಲಿ, ನಿನಗೆ ತಂಪಾಗಲಿ.

ನಿನ್ನ ಅಕ್ಕ,
ರಾಚವ್ವ

ತಾ. ಕ.: ಮೇಲಿನದನ್ನು ಬೇಕಾದರೆ ಮಾಸ್ತರರಿಂದ ಓದಿಸು. ಈ ಹಾಳೆ ನೀನೊಬ್ಬಳೇ ಓದು. ನೀನೂ ನಾಲ್ಕನೆಯ ಇಯತ್ತೆ ಕಲಿತವಳು, ಅಕ್ಷರ ಕೂಡಿಸಿ ಕೂಡಿಸಿ ಓದು.

ಡಾಕ್ಟರು ನೀಲಾವತಿಗೆ ಕಾಯಲು ಹೇಳಲಿಲ್ಲ. ಅವಳು ಬಂದದ್ದೇ ಅವರಿಗೆ ಗೊತ್ತಿರಲಿಲ್ಲ. ಅಂದು ಬೆಳಿಗ್ಗೆ ಶಾಮಲಾಳ ಕೇಸಿನ ತಾರೀಖಿಗೆ ಹೋಗಿ ಬಂದು, ತಲೆನೋವೆಂದು ಗುಳಿಗೆ ನುಂಗಿ ಮೇಲೆ ಮಲಗಿದ್ದರು. ಎರಡಕ್ಕೆ ಎಬ್ಬಿಸಿ ಎಂದಿದ್ದರು. ನರ್ಸು ರಜೆ. ಕೆಳಗೆ ನಾನೊಬ್ಬಳೇ. ಮೇಲೆ ಬಾರಿಸುವ ಗಂಟೆಯ ಗುಂಡಿ ನನ್ನ ಕೈ ಮಗ್ಗುಲಲ್ಲೇ ಇತ್ತು. ನಾನು ಒತ್ತಲಿಲ್ಲ. ಡಾಕ್ಟರು ಗಂಡನ ಸಹಿ ಇಲ್ಲದೆ ಮುಟ್ಟುವುದಿಲ್ಲ, ಹೋಗಿ ಅಣವೀರಪ್ಪನನ್ನು ಕರೆತಾ ಎಂದು ದೂಜನನ್ನು ಕಳಿಸಿದವಳು ನಾನೇ. ರಕ್ತ ಬಟ್ಟೆಗೆ ನಾಲ್ಕು ಹನಿ ಅಷ್ಟೇ ಹತ್ತಿತ್ತು. ಇಂಥವು ನೂರು ನೋಡಿದ್ದೇನೆ ಎಂದುಕೊಂಡೆ. ಒಳಗೇ ತುಂಬುತ್ತಿದೆ ಎಂದು ನನಗೆ ತಿಳಿಯಲಿಲ್ಲ.

ಅವಳು ನನ್ನ ಸೆರಗು ಹಿಡಿದು ಅಂದಳು: "ದೊಡ್ಡವ್ವ, ನೀನs ಸಹಿ ಮಾಡ. ನೀ ನನ್ನಾಕಿ ಅಲ್ಲೇನ?" ನಾನು ಏನು ಅಂದೆ ಕೇಳು. "ಕೊಟ್ಟ ಮಗಳ ಮ್ಯಾಲ ನಮ್ಮ ಹಕ್ಕೇನೈತವ್ವ? ನಾಳೆ ನಿನ್ನ ಗಂಡ ನನ್ನ ಕೋರ್ಟಿಗೆ ಎಳದ್ರ? ಬರ್ತಾನ, ತಡಿ." ಆ ವಕೀಲನ ನಗು ನನ್ನ ಕಿವಿಯಲ್ಲಿತ್ತು. ನೀರು ಕೊಟ್ಟೆ. ನಗಿಸಲು ಊರಿನ ಮಾತು ಆಡಿದೆ. ಅವಳು ನಕ್ಕಳು ಸಹ. ಒಂದೂವರೆಗೆ ಕಣ್ಣು ಕತ್ತಲಾಗುತ್ತದೆ ಎಂದಳು. ಬಿಸಿಲಿಗೆ ಎಂದೆ. ಎರಡಕ್ಕೆ ಡಾಕ್ಟರು ಇಳಿದು ಬಂದಾಗ ನನ್ನ ಹೆಗಲಿಗೆ ತಲೆ ಇಟ್ಟಿದ್ದಳು, ನಿದ್ದೆ ಎಂದು ನಾನು ಅಲುಗಾಡದೆ ಕೂತಿದ್ದೆ. ಯಾವಾಗ ಬಂದಳು ಎಂದು ಕೂಗಿದರು. ಈಗ ಬಂದಾಳ್ರಿ ಅಂದೆ. ಯಾರ ಸಹಿಯನ್ನೂ ಕೇಳದೆ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಓಡಿದರು ಆ ಮುದುಕ. ಆಮೇಲೆ ವಕೀಲರ ನೋಟೀಸಿನಲ್ಲಿ ಹನ್ನೆರಡೂ ಹತ್ತು ಎಂದು ಓದಿದಾಗ ಅವರಿಗೆ ಎಲ್ಲ ತಿಳಿಯಿತು. ನನ್ನನ್ನು ಒಂದು ಮಾತು ಕೇಳಲಿಲ್ಲ. ಕಾಯಲು ಹೇಳಿದ್ದು ತಾವೇ ಎಂದು ಬರೆದುಕೊಟ್ಟರು.

ಶನಿವಾರ ಆ ಒಪ್ಪಿಗೆ ಕಾಗದವನ್ನು ಕೌಸಲ್ಯಮ್ಮನವರಿಂದ ಓದಿಸಿದೆ. ಎರಡು ವರ್ಷ ನಾನು ಕಾವಲು ಕಾದ ಕಾಗದ, ಒಮ್ಮೆಯೂ ಓದಿಸಿರಲಿಲ್ಲ. ಗಂಡ, ತಂದೆತಾಯಿ, ಇಲ್ಲವೇ ಹತ್ತಿರದ ರಕ್ತಸಂಬಂಧಿ, ಎಂದು ಇದೆ. ಜೀವಕ್ಕೆ ಅಪಾಯವಿದ್ದರೆ ಯಾರ ಸಹಿಯೂ ಬೇಡ, ಎಂದೂ ಇದೆ.

ಡಾಕ್ಟರ ಹೆಸರಿರುವ ಕಾಗದಕ್ಕೆ ನೀನು ಸಹಿ ಮಾಡಬೇಡ. ಬರುವ ಸೋಮವಾರ ಅಣವೀರಪ್ಪನ ಜೊತೆ ವಕೀಲರ ಹತ್ತಿರ ಹೋಗಿ ಇದನ್ನೆಲ್ಲ ಹೇಳಿ ನನ್ನ ಹೆಸರು ಬರೆಯಿಸುತ್ತೇನೆ. ಅದಕ್ಕೆ ಮೊದಲು ನಿನಗೆ ತಿಳಿಯಬೇಕಿತ್ತು. ಈ ಪತ್ರವನ್ನು ಟಪಾಲಿಗೆ ಹಾಕಲಿಲ್ಲ, ಜೋಳದ ವ್ಯಾಪಾರಕ್ಕೆ ಊರಿಗೆ ಹೊರಟ ಶೆಟ್ಟೆಪ್ಪನ ಕೈಯಲ್ಲಿ ಕಳಿಸಿದ್ದೇನೆ. ಅವನು ಶನಿವಾರ ತಿರುಗಿ ಹೊರಡುವ ಮುಂಚೆ ನಿನ್ನ ಬಾಗಿಲಿಗೆ ಬರುತ್ತಾನೆ, ನಿನ್ನ ಉತ್ತರವನ್ನು ಅವನ ಕೈಗೇ ಕೊಡು. ಬರೆಯಲು ಮನಸ್ಸಾಗದಿದ್ದರೆ ಬರಿಯ ಪಾಕೀಟಿನ ಮೇಲೆ ಹೆಸರು ಹಾಕಿ ಕೊಡು. ಅಕ್ಕ ಎಂದು ಬರೆಯಬೇಕಿಲ್ಲ. ರಾಚವ್ವ ಎಂದಷ್ಟೇ ಇದ್ದರೂ ಇಸಿದುಕೊಳ್ಳುತ್ತೇನೆ.